ವ್ಯಾಲೆಟ್ ಗ್ರಾಹಕರದೇ ಎಂದು ಎಪಿಐ ಮೂಲಕ ಖಚಿತಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಗ್ರಾಹಕರ ವ್ಯಾಲೆಟ್‌ಗೆ ಹಣ ಕಳುಹಿಸುವ ಮೊದಲು ಅವರ ಮೊಬೈಲ್ ಸಂಖ್ಯೆಯನ್ನು ವ್ಯಾಲೆಟ್ ಸೇವಾದಾರರ ಎಪಿಐ (ಎರಡು ತಂತ್ರಾಂಶಗಳು ಪರಸ್ಪರ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆ) ಮೂಲಕ ಪರಿಶೀಲಿಸುತ್ತೇವೆ. ಖಾತೆ ಸಕ್ರಿಯವಾಗಿದೆ ಎಂಬ ಉತ್ತರ ಬಂದರೂ ಎರಡು ಪಾವತಿಗಳು ಬೇರೆಯವರ ಕೈ ಸೇರಿದವು. ಇಷ್ಟು ಪರಿಶೀಲನೆ ಸಾಲದೇ?

ಉತ್ತರ 1: ಸಾಲದು. ಖಾತೆ ಸಕ್ರಿಯವಾಗಿದೆ ಎಂದರೆ ಆ ಸಂಖ್ಯೆಗೆ ಒಂದು ವ್ಯಾಲೆಟ್ ಇದೆ ಎಂದಷ್ಟೇ ಅರ್ಥ, ಅದು ನಿಮ್ಮ ಗ್ರಾಹಕರದೇ ಎಂದಲ್ಲ. ಬಳಕೆ ನಿಂತ ಸಂಖ್ಯೆಗಳನ್ನು ದೂರಸಂಪರ್ಕ ಸಂಸ್ಥೆಗಳು ಕೆಲಕಾಲದ ನಂತರ ಹೊಸಬರಿಗೆ ಹಂಚುವುದರಿಂದ, ನಿಮ್ಮ ದಾಖಲೆಯಲ್ಲಿರುವ ಹಳೆಯ ಸಂಖ್ಯೆ ಇಂದು ಮತ್ತೊಬ್ಬರದಾಗಿರಬಹುದು. ಎಪಿಐ ನೋಂದಾಯಿತ ಹೆಸರನ್ನೂ ಕೊಡುವುದಾದರೆ ಹೋಲಿಸಿ ನೋಡಿ. ಆದರೆ ಅಕ್ಷರಕ್ಕೆ ಅಕ್ಷರ ಹೊಂದಲೇಬೇಕೆಂದು ಹಠ ಹಿಡಿದರೆ, ಇನಿಶಿಯಲ್ ಮತ್ತು ಲಿಪ್ಯಂತರದ ವ್ಯತ್ಯಾಸದಿಂದಾಗಿ ಸರಿಯಾದ ಗ್ರಾಹಕರೇ ತಿರಸ್ಕೃತರಾಗುತ್ತಾರೆ. ಹೆಸರು ಭಾಗಶಃ ಹೊಂದಿದಾಗ ಪಾವತಿಯನ್ನು ತಡೆಹಿಡಿದು, ಆ ಸಂಖ್ಯೆಗೆ ಒಟಿಪಿ ಕಳುಹಿಸಿ ಗ್ರಾಹಕರಿಂದಲೇ ದೃಢಪಡಿಸಿಕೊಳ್ಳಿ.

ಉತ್ತರ 2: ಸಂಖ್ಯೆಯ ರೂಪವನ್ನೂ ಗಮನಿಸಿ. ದೇಶದ ಕೋಡ್ ಸೇರಿ ಗರಿಷ್ಠ 15 ಅಂಕಿಗಳ ಇ.164 ಎಂಬ ಅಂತರರಾಷ್ಟ್ರೀಯ ದೂರವಾಣಿ ಸಂಖ್ಯಾ ಮಾದರಿಯಲ್ಲೇ ಉಳಿಸಿ. ಅಲ್ಲದೆ, ಎಪಿಐ ಸರ್ವರ್ 202 ಎಂಬ ಸ್ಥಿತಿ ಸಂಕೇತದೊಂದಿಗೆ (ಎಚ್‌ಟಿಟಿಪಿ ಸ್ಟೇಟಸ್ ಕೋಡ್) ಉತ್ತರಿಸಿದರೆ ಕೋರಿಕೆ ಸ್ವೀಕೃತವಾಗಿದೆ ಎಂದೇ ಹೊರತು ಪರಿಶೀಲನೆ ಮುಗಿದಿದೆ ಎಂದಲ್ಲ. ಹಲವರು ಇಲ್ಲೇ ಎಡವುತ್ತಾರೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಎರಡೂ ಸಂಖ್ಯೆಗಳು ಬಹಳ ಹಿಂದೆ ನೋಂದಣಿಯಾದವು. ಹೆಸರಿನ ಹೋಲಿಕೆಯನ್ನು ಇಂದೇ ಸೇರಿಸುತ್ತೇನೆ.