ವಿಮಾನ ಮೆಕ್ಯಾನಿಕ್‌ಗೆ ಶುರುವಿನ ಸಂಬಳ ಎಷ್ಟು, ಏರುವುದು ಯಾವಾಗ?

ಪ್ರಶ್ನೆ: ತಮ್ಮ ಎಎಂಇ (ವಿಮಾನ ನಿರ್ವಹಣೆ ಎಂಜಿನಿಯರಿಂಗ್) ಓದುತ್ತಿದ್ದಾನೆ, ಬಿ1.1 (ಟರ್ಬೈನ್ ಎಂಜಿನ್ ವಿಮಾನಗಳ ಮೆಕ್ಯಾನಿಕಲ್) ವಿಭಾಗ, ಕೊನೆಯ ವರ್ಷ. ಬೆಂಗಳೂರಿನಲ್ಲಿ ಟೆಕ್ನೀಷಿಯನ್ ಕೆಲಸಕ್ಕೆ ತಿಂಗಳಿಗೆ 18 ಸಾವಿರ ಅಂತಿದ್ದಾರೆ. ಲಕ್ಷಗಟ್ಟಲೆ ಫೀಸು ಕಟ್ಟಿ ಇಷ್ಟೇನಾ? ಸ್ವಂತ ದುಡ್ಡಲ್ಲಿ ಎ320 ಟೈಪ್ ಕೋರ್ಸ್ (ಆ ಮಾದರಿಯ ವಿಮಾನಕ್ಕೇ ಮೀಸಲಾದ ತರಬೇತಿ) ಮಾಡಿಸಿದರೆ ಬೇಗ ಏರುತ್ತಾ?

ಉತ್ತರ: ಲೈಸೆನ್ಸ್ ಇಲ್ಲದ ಹೊಸಬರಿಗೆ 15ರಿಂದ 25 ಸಾವಿರ ಮಾಮೂಲು. ಕೆಲಸದ ಭಾರಕ್ಕೆ ಇದು ತೀರಾ ಕಡಿಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ವೃತ್ತಿಯಲ್ಲಿ ದುಡ್ಡು ಇರುವುದು ಸಹಿಯಲ್ಲಿ. ಚಕ್ರ ಬದಲಿಸುವುದನ್ನೇ ನೋಡಿ. ಜ್ಯಾಕ್ ಹಾಕಿ, ಚಕ್ರ ತಿರುಗಿಸುತ್ತಾ ಆಕ್ಸಲ್ ನಟ್ಟನ್ನು ಮೊದಲು ಹೆಚ್ಚಿನ ಟಾರ್ಕ್‌ಗೆ ಬಿಗಿದು, ಸಡಿಲಿಸಿ, ಮತ್ತೆ ಕಡಿಮೆ ಟಾರ್ಕ್‌ಗೆ ಕೂರಿಸುವವನು ಟೆಕ್ನೀಷಿಯನ್. ಟೆಕ್ ಲಾಗ್‌ನಲ್ಲಿ (ವಿಮಾನದ ದುರಸ್ತಿ ದಾಖಲೆ ಪುಸ್ತಕ) ವಿಮಾನ ಹಾರಲು ಯೋಗ್ಯ ಎಂದು ಬಿಡುಗಡೆ ಸಹಿ ಹಾಕುವವರು ಲೈಸೆನ್ಸ್ ಇರುವ ಎಂಜಿನಿಯರ್. ಹೊಣೆ ಅವರದು, ಸಂಬಳವೂ ಅವರದು.

ಹಾಗಾಗಿ ಮೆಟ್ಟಿಲು ಹೀಗೆ: ಮಾಡ್ಯೂಲ್‌ಗಳು (ಲೈಸೆನ್ಸಿನ ವಿಷಯವಾರು ಪರೀಕ್ಷೆಗಳು), ಅನುಭವ (ತರಬೇತಿ ಸಂಸ್ಥೆಗಳ ನಿಯಮವಾದ ಸಿಎಆರ್-147ರ ಮಾನ್ಯತೆಯ ಕೋರ್ಸ್ ಮಾಡಿದವರಿಗೆ 2 ವರ್ಷ), ಲೈಸೆನ್ಸ್, ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನಕ್ಕೆ ಲೈಸೆನ್ಸಿನಲ್ಲಿ ಸೇರುವ ಅನುಮತಿ), ಕೊನೆಗೆ ಸಹಿ ಹಾಕಲು ಕಂಪನಿ ಕೊಡುವ ಅಧಿಕಾರಪತ್ರ. ಬರೀ ಲೈಸೆನ್ಸ್ ಬಂದಾಗ ಏರಿಕೆ ಸಾಧಾರಣ. ಟೈಪ್ ಮತ್ತು ಅಧಿಕಾರಪತ್ರ ಸೇರಿದಾಗಲೇ ಜಿಗಿತ, ದೊಡ್ಡ ಏರ್‌ಲೈನ್‌ನಲ್ಲಿ ಲಕ್ಷ ದಾಟುತ್ತದೆ. ಎರಡನೇ ಟೈಪ್ ಬಂದರೆ ಭತ್ಯೆ ಇನ್ನಷ್ಟು.

ಟೈಪ್ ಕೋರ್ಸಿಗೆ ಈಗ ದುಡ್ಡು ಸುರಿಯಬೇಡಿ. ಮೊದಲ ಟೈಪ್‌ಗೆ ತರಗತಿ ಸಾಲದು, ನಿಜವಾದ ವಿಮಾನದ ಮೇಲೆ ಪ್ರಾಯೋಗಿಕ ತರಬೇತಿಯೂ ಓಜೆಟಿಯೂ (ಕೆಲಸ ಮಾಡುತ್ತಲೇ ಕಲಿಯುವ ತರಬೇತಿ) ಬೇಕು. ಕೆಲಸವಿಲ್ಲದವನಿಗೆ ವಿಮಾನ ಮುಟ್ಟಲು ಯಾರು ಬಿಡುತ್ತಾರೆ? ಮೇಲಾಗಿ ರೇಟಿಂಗ್ ಎಂಜಿನ್‌ಗೂ ಅಂಟಿಕೊಂಡಿದೆ: ಸಿಎಫ್‌ಎಂ56 ಎಂಜಿನ್ ಇರುವ ಎ320ಕ್ಕೆ ಪಡೆದದ್ದು ಪಿಡಬ್ಲ್ಯು1100 ಎಂಜಿನ್ ಇರುವ ಎ320 ನಿಯೋಗೆ (ಅದರ ಹೊಸ ಆವೃತ್ತಿ) ಆಗುವುದಿಲ್ಲ. ಕಂಪನಿಯೇ ಕಳಿಸಿದರೆ ಬಾಂಡ್ ಕೇಳಬಹುದು; ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಓದಿ ಸಹಿ ಹಾಕಲಿ.

ಇನ್ನೊಂದು ಮಾತು, ಹಲವರ ವರ್ಷಗಳು ವ್ಯರ್ಥವಾಗುವುದು ಇಲ್ಲೇ. ಲಾಗ್‌ಬುಕ್ ಅಂದಂದೇ ತುಂಬಿಸಿ, ಸಹಿ ಪಡೆಯಬೇಕು. ಬರೀ ಚಕ್ರ, ಬ್ರೇಕ್, ಸೀಟು ಬರೆದರೆ ಅನುಭವ ಸಾಲದು ಎಂದು ಅರ್ಜಿ ವಾಪಸ್ ಬರಬಹುದು. ಎಂಜಿನ್, ಹೈಡ್ರಾಲಿಕ್ಸ್, ಫ್ಲೈಟ್ ಕಂಟ್ರೋಲ್ ಕೆಲಸ ಕೇಳಿ ಹಾಕಿಸಿಕೊಳ್ಳಲಿ.

ಮರುಪ್ರಶ್ನೆ: ಅಮೆರಿಕದಲ್ಲಿ ಹೇಗೆ?

ಉತ್ತರ: ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರಕಾರ 2024ರ ಮೇನಲ್ಲಿ ಮಧ್ಯಮ ವಾರ್ಷಿಕ ಸಂಬಳ 78,680 ಡಾಲರ್. ಆದರೆ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ) ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಏರ್‌ಫ್ರೇಮ್ (ವಿಮಾನದ ಒಡಲು), ಪವರ್‌ಪ್ಲಾಂಟ್ (ಎಂಜಿನ್) ಎರಡಕ್ಕೂ ಸೇರಿ 30 ತಿಂಗಳ ಅನುಭವಕ್ಕೆ ದಾಖಲೆ ಕೊಟ್ಟು, ಲಿಖಿತ, ಮೌಖಿಕ, ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ವೀಸಾ ಬೇರೆಯದೇ ಕಥೆ.