ಡೆಹ್ರಾಡೂನ್–ಮಸ್ಸೂರಿಯ ಹಳೇ ನಕ್ಷೆ ಪೂರ್ವಕ್ಕೆ ಜಾರುತ್ತಿದೆ, ಯಾಕೆ?

ಬೆಟ್ಟಮರುಳ: ಸರ್ವೆ ಆಫ್ ಇಂಡಿಯಾದ ಹಳೇ ಶೀಟೊಂದರ ಸ್ಕ್ಯಾನ್ ಸಿಕ್ಕಿದೆ, ಮೈಲಿಗೆ ಒಂದಿಂಚಿನದು. ಕೆಳಗೆ ಡೆಹ್ರಾ, ಮೇಲೆ ಮಸ್ಸೂರಿ, ಲಂಢೌರ್. ಇಸವಿ ಇರಬೇಕಾದ ಮೂಲೆ ಹರಿದಿದೆ. ರಾಜಪುರದವರೆಗೆ ಇಳಿಜಾರಿನ ಗೀರುಗಳು ಅಲ್ಲೊಂದು ಇಲ್ಲೊಂದು; ರಾಜಪುರ ದಾಟಿದ್ದೇ ತಡ, ಮಸಿ ಚೆಲ್ಲಿದ ಹಾಗೆ ಕಪ್ಪು! ಅಂಚಿನಲ್ಲಿರೋ ಅಕ್ಷಾಂಶ, ರೇಖಾಂಶ ಕೊಟ್ಟು ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಕೂರಿಸಿದೆ. ಉತ್ತರ-ದಕ್ಷಿಣ ಸರಿಯಾಗೇ ಇದೆ, ಆದರೆ ಊರಿಗೆ ಊರೇ ಸುಮಾರು 4 ಕಿ.ಮೀ. ಪೂರ್ವಕ್ಕೆ ಹೋಗಿ ಕೂತಿದೆ. ಸ್ಕ್ಯಾನ್ ಸೊಟ್ಟ ಇರಬಹುದಾ?

ಸುಮ್ನೆಓದುಗ: ಹಳೇ ಕಾಗದ ಅಲ್ವಾ, ಥಂಡಿಗೆ ಹಿಗ್ಗಿರುತ್ತೆ.

ದುರ್ಬೀನು: ಕಾಗದ ಎಷ್ಟು ಹಿಗ್ಗಿದರೂ ಎರಡೂವರೆ ಇಂಚು ಹಿಗ್ಗಲ್ಲ ಮಾರಾಯ್ರೆ. ಡೆಹ್ರಾದಲ್ಲಿ ರೈಲು ಹಳಿ ಕಾಣ್ತಿದೆಯಾ?

ಬೆಟ್ಟಮರುಳ: ಇಲ್ಲ. ಬರೀ ರಸ್ತೆ.

ದುರ್ಬೀನು: ಹಾಗಾದರೆ ವಿಷಯ ಬಗೆಹರೀತು. ಹರಿದ್ವಾರದಿಂದ ರೈಲು ಬಂದಿದ್ದು 1900ರಲ್ಲಿ, ನಿಮ್ಮ ಶೀಟಿನ ಸರ್ವೆ ಅದಕ್ಕೂ ಹಿಂದಿನದು. ಆಗ ಇಡೀ ದೇಶದ ರೇಖಾಂಶವನ್ನು ಮದ್ರಾಸ್ ವೀಕ್ಷಣಾಲಯದಿಂದ ಎಣಿಸ್ತಿದ್ದರು. ಆ ವೀಕ್ಷಣಾಲಯದ ರೇಖಾಂಶವೇ ತುಸು ಹೆಚ್ಚಾಗಿ ಲೆಕ್ಕಕ್ಕೆ ಸಿಕ್ಕಿತ್ತು. ಟೆಲಿಗ್ರಾಫ್ ತಂತಿಯಲ್ಲಿ ಸಮಯ ಹೋಲಿಸಿ ಅಳೆದ ಮೇಲೆ ತಪ್ಪು ಗೊತ್ತಾಯ್ತು, 20ನೇ ಶತಮಾನದ ಮೊದಲ ದಶಕದಲ್ಲಿ ಸುಮಾರು ಎರಡೂವರೆ ನಿಮಿಷ (ಗಡಿಯಾರದ್ದಲ್ಲ, ಡಿಗ್ರಿಯ ಅರವತ್ತನೇ ಒಂದು ಪಾಲು) ಕಳೆದರು. ಡೆಹ್ರಾದ ಅಕ್ಷಾಂಶದಲ್ಲಿ ಅದು ಹೆಚ್ಚುಕಮ್ಮಿ 4 ಕಿ.ಮೀ.! ದೇಶದ ಸರ್ವೆಯ ಮನೆಯಂಗಳವೇ ಡೆಹ್ರಾಡೂನ್, ಅದನ್ನೂ ಬಿಡಲಿಲ್ಲ ನೋಡಿ ಈ ತಪ್ಪು.

ರೇಖಾಂಶದಲ್ಲಿ 2 ನಿಮಿಷ 27 ಸೆಕೆಂಡ್ ಕಳೆದು ಮತ್ತೆ ಕೂರಿಸಿ. ಆಗಲೂ ಸ್ವಲ್ಪ ವ್ಯತ್ಯಾಸ ಉಳಿಯುತ್ತೆ, ಹಳೇ ನಕ್ಷೆಗಳು ಭೂಮಿಯ ಆಕಾರ ಅಂತ ಹಿಡಿದ ಎವರೆಸ್ಟ್ ಗೋಳಾಭಕ್ಕೂ ಜಿಪಿಎಸ್ ಲೆಕ್ಕಕ್ಕೂ ತಾಳೆಯಾಗಲ್ಲ. ಅದನ್ನು ನೆಲದ ಗುರುತುಗಳಿಂದ ಸರಿಮಾಡಿ. ಗುರು ರಾಮ್ ರಾಯ್ ದರ್ಬಾರ್, ಲಂಢೌರ್‌ನ ಸೇಂಟ್ ಪಾಲ್ ಚರ್ಚು, ಮಸ್ಸೂರಿಯ ಪಶ್ಚಿಮಕ್ಕೆ ಹಿಂದಿನ ಸರ್ವೇಯರ್ ಜನರಲ್ ಜಾರ್ಜ್ ಎವರೆಸ್ಟ್‌ನ ಪಾರ್ಕ್ ಬಂಗಲೆ ಸಾಕು. ಡೆಹ್ರಾಡೂನಿನ ಗಡಿಯಾರ ಗೋಪುರ ಗಂಟಾಘರ್ ಹುಡುಕಬೇಡಿ, ಆಗಿನ್ನೂ ಅದು ಕಟ್ಟಿರಲಿಲ್ಲ. ರಿಸ್ಪನಾ, ಬಿಂದಾಲ್ ಹೊಳೆಗಳ ತಿರುವನ್ನಂತೂ ನಂಬಲೇಬೇಡಿ. ಮಳೆಗಾಲದ ಹೊಳೆಗಳು, ಪಾತ್ರ ಬದಲಿಸ್ತಾವೆ.

ಬೆಟ್ಟಮರುಳ: ಕೂತಿತು! ಚರ್ಚು ಚರ್ಚಿನ ಮೇಲೇ ಬಂತು. ರಿಸ್ಪನಾ ಪಾತ್ರ ಅಂತ ಚುಕ್ಕೆ ಇಟ್ಟ ಕಡೆ ಈಗ ಸ್ಯಾಟಲೈಟ್ ಚಿತ್ರದಲ್ಲಿ ಬರೀ ಮನೆ ಸೂರುಗಳು.

ದುರ್ಬೀನು: ಇನ್ನು 53ಜೆ/3 ಶೀಟು ಹುಡುಕಿ. ಹೊಸ ಸಂಖ್ಯೆಯಲ್ಲಿ ಇದೇ ಜಾಗ, ರೇಖಾಂಶ ತಿದ್ದಿದ್ದು.