ಕಂಪನಿ ಹೆಸರಿಟ್ಟು ಡೊಮೈನ್ ತಗೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಹಾಸನ:
ನನ್ನ ತಮ್ಮ ಬಿ.ಎಂ. ರಸ್ತೆ ಹತ್ತಿರ ಬೈಕ್ ಗ್ಯಾರೇಜ್ ಇಟ್ಟಿದ್ದಾನೆ. ಹೆಚ್ಚಾಗಿ ಒಂದೇ ಕಂಪನಿಯ ಗಾಡಿಗಳು ಬರುತ್ತವೆ. ಆ ಕಂಪನಿ ಹೆಸರಿನ ಜೊತೆ ‘ಹಾಸನ’ ಸೇರಿಸಿ ಡಾಟ್ ಇನ್ ಡೊಮೈನ್ (ವೆಬ್‌ಸೈಟ್ ವಿಳಾಸ) ತಗೊಳ್ಳುತ್ತೇನೆ ಅನ್ನುತ್ತಿದ್ದಾನೆ. ಖಾಲಿ ಇದೆಯಂತೆ. ತೊಂದರೆ ಆಗುತ್ತದಾ?

ಮಿಕ್ಸಿ ರಿಪೇರಿ, ಚಿಕ್ಕಮಗಳೂರು:
ಅಕ್ಕಾ, ದಯವಿಟ್ಟು ಬೇಡ. ಖಾಲಿ ಇದೆ ಅಂದರೆ ಯಾರೂ ಕೊಂಡಿಲ್ಲ ಅಂತ ಅಷ್ಟೇ. ನಾವು ಕೊಳ್ಳಬಹುದು ಅಂತಲ್ಲ. ನಾನೂ ಒಂದು ದೊಡ್ಡ ಮಿಕ್ಸಿ ಕಂಪನಿ ಹೆಸರಲ್ಲಿ ಸೈಟ್ ಮಾಡಿದ್ದೆ. ಒಂದೂವರೆ ವರ್ಷ ಚೆನ್ನಾಗಿ ನಡೆಯಿತು. ಕಡೂರು, ಕೊಪ್ಪದಿಂದೆಲ್ಲ ಫೋನ್ ಬರುತ್ತಿತ್ತು. ಆಮೇಲೆ ವಕೀಲರ ನೋಟಿಸ್ ಬಂತು. ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಡೊಮೈನ್ ಬಿಟ್ಟುಕೊಟ್ಟೆ. ಅದಕ್ಕೆ ಕೊಟ್ಟಿದ್ದ ದುಡ್ಡು ದೊಡ್ಡದಲ್ಲ. ಆದರೆ ಬೋರ್ಡು, ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು, ಎಲ್ಲದರ ಮೇಲೂ ಅದೇ ವಿಳಾಸ ಇತ್ತು. ಪೂರ್ತಿ ಹೊಸದಾಗಿ ಮಾಡಿಸಬೇಕಾಯಿತು. ಇನ್ನೊಂದು ಮಾತು. ಬಂದವರಲ್ಲಿ ಕೆಲವರು ನನ್ನನ್ನು ಕಂಪನಿಯವನೇ ಅಂದುಕೊಂಡು ವಾರಂಟಿ ಕೇಳುತ್ತಿದ್ದರು. ನೋಟಿಸಿನಲ್ಲಿ ಬರೆದಿದ್ದೂ ಅದನ್ನೇ. ಜನ ಮೋಸ ಹೋಗುತ್ತಿದ್ದಾರೆ ಅಂತ. ನನಗೆ ಆ ಉದ್ದೇಶ ಇರಲಿಲ್ಲ, ಆದರೆ ಆಗುತ್ತಿದ್ದದ್ದು ನಿಜ.

ವಕೀಲರ ಆಫೀಸಿನಲ್ಲಿ ಕೆಲಸ, ಹಾಸನ:
ಮೇಲಿನವರು ಹೇಳಿದ್ದು ಸರಿ. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿಗೆ, ಅಂದರೆ ವ್ಯಾಪಾರದ ಹೆಸರು-ಗುರುತಿಗೆ, ಇರುವಂಥ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಕೇಸಿನಲ್ಲಿ ಹೇಳಿದೆ. ಡಾಟ್ ಇನ್ ವಿಳಾಸಗಳ ಜಗಳಕ್ಕೆ ಕೋರ್ಟಿಗೇ ಹೋಗಬೇಕೆಂದೂ ಇಲ್ಲ. ಆ ವಿಳಾಸಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಗೆ ದೂರು ಕೊಟ್ಟರೆ ಒಬ್ಬ ಮಧ್ಯಸ್ಥಗಾರರು ವಿಚಾರಿಸುತ್ತಾರೆ. ಹೆಸರು ಗೊಂದಲ ಹುಟ್ಟಿಸುವಷ್ಟು ಹೋಲುತ್ತದಾ, ನಿಮಗೆ ಅದರ ಮೇಲೆ ಹಕ್ಕಿದೆಯಾ, ಕೆಟ್ಟ ಉದ್ದೇಶದಿಂದ ತಗೊಂಡಿರಾ ಎಂದು ನೋಡುತ್ತಾರೆ. ಸೋತರೆ ಡೊಮೈನ್ ರದ್ದಾಗಬಹುದು, ಇಲ್ಲವೇ ಕಂಪನಿಗೆ ಹೋಗಬಹುದು. ಒಂದು ಎಚ್ಚರಿಕೆ: ನೋಟಿಸ್ ಬಂದಾಗ ‘ಇಷ್ಟು ದುಡ್ಡು ಕೊಡಿ, ಬಿಡುತ್ತೇನೆ’ ಎಂದು ಮಾತ್ರ ಬರೆಯಬೇಡಿ. ಅದೇ ಕೆಟ್ಟ ಉದ್ದೇಶಕ್ಕೆ ಸಾಕ್ಷಿ ಆಗುತ್ತದೆ. ಸುಮ್ನೆ ಕೂರುವುದೂ ತಪ್ಪು.

ಕಾಫಿ ಪುಡಿ ಮಾರುವವರು, ಮೂಡಿಗೆರೆ:
ಸ್ವಂತ ಹೆಸರು ಇಟ್ಟರೂ ಮೊದಲು ಹುಡುಕಿ ನೋಡಿ. ಟ್ರೇಡ್‌ಮಾರ್ಕ್ ಇಲಾಖೆಯ ಸೈಟಿನಲ್ಲಿ ಹುಡುಕಾಟ ಉಚಿತ. ಅಲ್ಲಿ ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ: ಕಾಫಿಗೆ 30ನೇ ವರ್ಗ, ಗಾಡಿ ರಿಪೇರಿಗೆ 37. ನಾವು ಇಡಬೇಕೆಂದಿದ್ದ ಹೆಸರು ಅಲ್ಲಿ ಬೇರೆಯವರದ್ದಾಗಿತ್ತು. ಪ್ಯಾಕೆಟ್ ಅಚ್ಚು ಹಾಕಿಸುವ ಮೊದಲೇ ಗೊತ್ತಾಗಿದ್ದು ಪುಣ್ಯ.

ಕೇಳಿದವರು:
ತಮ್ಮನಿಗೆ ಓದಿ ಹೇಳಿದೆ. ನಮ್ಮ ತಾತನ ಹೆಸರಲ್ಲೇ ಮಾಡುತ್ತಾನಂತೆ. ಆದರೆ ಯಾವ ಗಾಡಿ ರಿಪೇರಿ ಮಾಡುತ್ತೇವೆ ಅಂತಲೂ ಹೇಳಬಾರದಾ?

ವಕೀಲರ ಆಫೀಸಿನಲ್ಲಿ ಕೆಲಸ, ಹಾಸನ:
ಹೇಳಬಹುದು. ಬಿಡಿಭಾಗ ಯಾವ ಗಾಡಿಗೆ ಹೊಂದುತ್ತದೆ ಎಂದು ತಿಳಿಸಲು ಬೇಕಾದಷ್ಟು ಹೆಸರು ಬಳಸಲು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಸೈಟಿನ ಒಳಗೆ ‘ಈ ಕಂಪನಿಯ ಬೈಕುಗಳನ್ನು ರಿಪೇರಿ ಮಾಡುತ್ತೇವೆ, ನಾವು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಅಲ್ಲ’ ಎಂದು ಕಾಣುವ ಹಾಗೆ ಬರೆಸಿ. ಹೆಸರನ್ನು ಮಾಮೂಲಿ ಅಕ್ಷರದಲ್ಲಿ ಹಾಕಿಸಿ. ಲೋಗೋ ಮಾತ್ರ ಸೈಟಿನಲ್ಲೂ ಬೇಡ, ಗ್ಯಾರೇಜಿನ ಬೋರ್ಡಿನಲ್ಲೂ ಬೇಡ.